37ರಲ್ಲಿ ಮತ್ತೆ ಓದಲು ಹೋಗುವುದಾದರೆ ಬಿ.ಎಡ್‌ಗಾ, ಎಂ.ಎಸ್ಸಿಗಾ? ತೀರ್ಥಹಳ್ಳಿ ಕಡೆಯವರು ಹೇಳಿ

ತುಂಗೆದಡದ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಈಗ 37. ಮನೆ ತೀರ್ಥಹಳ್ಳಿ ಪೇಟೆಯಿಂದ ಸ್ವಲ್ಪ ಆಚೆ. 2009ರಲ್ಲಿ ಕುವೆಂಪು ವಿವಿಯ ಬಿ.ಎಸ್ಸಿ ಮುಗಿಸಿದೆ. ಕೆಮಿಸ್ಟ್ರಿ, ಬಾಟನಿ, ಜುವಾಲಜಿ, ಶೇ 64. ಆಮೇಲೆ ಮದುವೆ, ಮಗಳು, ತೋಟ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಇಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಬಿ.ಎಡ್ ಆಗಿದೆಯಾ ಅಂತ ಆಗ ಯಾರೂ ಕೇಳಲಿಲ್ಲ. ಸೈನ್ಸಿಗೆ ಜನ ಸಿಗದೆ ಒದ್ದಾಡುತ್ತಿದ್ದರು.

ಈಗ ಕೇಳುತ್ತಿದ್ದಾರೆ. ಯು-ಡೈಸ್‌ನಲ್ಲಿ (ಶಾಲೆಗಳ ಸರ್ಕಾರಿ ದಾಖಲೆ ವ್ಯವಸ್ಥೆ) ವರ್ಷವರ್ಷ ಶಿಕ್ಷಕರ ವಿವರ ತುಂಬಬೇಕಲ್ಲ, ನನ್ನ ಹೆಸರಿನ ಮುಂದೆ ವೃತ್ತಿ ತರಬೇತಿ ‘ಇಲ್ಲ’. ಆಡಳಿತ ಮಂಡಳಿಯವರು ಬಾಯಿಬಿಟ್ಟು ಏನೂ ಹೇಳಿಲ್ಲ. ಆದರೆ ಕಳೆದ ವರ್ಷ ಬಿ.ಎಡ್ ಆದ ಹುಡುಗಿಯೊಬ್ಬಳನ್ನು ತಗೊಂಡು, ಹತ್ತನೇ ಕ್ಲಾಸು ಅವಳಿಗೆ ಕೊಟ್ಟು, ನನ್ನನ್ನು ಎಂಟಕ್ಕೆ ಇಳಿಸಿದರು. ನನಗೆ 14 ಸಾವಿರ, ಅವಳಿಗೆ 18. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆಯುವ ಮುಂಚೆ ನನ್ನ ಹತ್ತಿರವೇ ಬಂದು ಕೇಳಿಕೊಂಡು ಹೋಗುತ್ತಾಳೆ, ಪಾಪ.

ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಬಿ.ಎಡ್ ಮಾಡು. ನನಗೆ ಆಸೆ ಇರುವುದು ಶಂಕರಘಟ್ಟದ ಕುವೆಂಪು ವಿವಿಯಲ್ಲಿರುವ ಎಂ.ಎಸ್ಸಿ ಅಪ್ಲೈಡ್ ಬಾಟನಿ ಮೇಲೆ. ಡಿಗ್ರಿ ಮುಗಿದ ವರ್ಷವೇ ಸೇರಬೇಕು ಅಂತಿದ್ದೆ, ಆಗಲಿಲ್ಲ.

ಆಸೆ ಯಾಕೆ ಅಂದರೆ, ನಮ್ಮ ಶಾಲೆಯಲ್ಲಿ ಇರುವುದು ಒಂದೇ ಮೈಕ್ರೋಸ್ಕೋಪ್. ಅದರ ಕನ್ನಡಿ ಒಡೆದು ನಮ್ಮನೆಯವರ ಶೇವಿಂಗ್ ಕನ್ನಡಿಯ ಚೂರು ಅಂಟಿಸಿದ್ದೇನೆ. ಹಿತ್ತಲಿನ ಕುಂಬಳ ಬಳ್ಳಿಯ ತುಂಡು ತಗೊಂಡು ಹೋಗಿದ್ದೆ. ಹೊಸ ಬ್ಲೇಡಿನಲ್ಲಿ ದಂಟನ್ನು ಅಡ್ಡಕ್ಕೆ ಆದಷ್ಟೂ ತೆಳ್ಳಗೆ ಕೊಯ್ದು ನೀರಿಗೆ ಬಿಡಬೇಕು. ಹತ್ತು ಕೊಯ್ದರೆ ಒಂದೆರಡು ಸರಿ ಬರುತ್ತೆ. ಚೆನ್ನಾಗಿ ಬಂದಿದ್ದನ್ನು ಬ್ರಷ್‌ನಲ್ಲಿ ಎತ್ತಿ ಸ್ಲೈಡ್ ಮೇಲಿಟ್ಟು ಒಂದು ಹನಿ ಸ್ಯಾಫ್ರನಿನ್ ಬಣ್ಣ ಬಿಟ್ಟೆ. ನೀರು ಸಾಗಿಸುವ ನಾಳಗಳೆಲ್ಲ ಕೆಂಪಗೆ ಎದ್ದವು. ಎರಡು ಸುತ್ತು, ಸುತ್ತಿಗೆ ಐದು ಕಟ್ಟು. ಹುಡುಗರು ಸಾಲಾಗಿ ಬಂದು ಒಬ್ಬೊಬ್ಬರೇ ಎಣಿಸಿದರು. ಅದರಲ್ಲಿ ಒಬ್ಬ, ಪಾಠದಲ್ಲಿ ಯಾವತ್ತೂ ಬಾಯಿ ಬಿಡದವನು, “ಟೀಚರ್, ಅಡಿಕೆ ಮರದಲ್ಲೂ ಹೀಗೆ ಸುತ್ತಾಗಿ ಇರುತ್ತಾ?” ಅಂದ. ಇಲ್ಲ ಮಗಾ, ಅಲ್ಲಿ ಚೆಲ್ಲಾಪಿಲ್ಲಿ ಹರಡಿರುತ್ತೆ, ಅಡಿಕೆ ದಬ್ಬೆ ಸೀಳಿದಾಗ ಉದ್ದುದ್ದ ನಾರು ಬರುವುದು ನೋಡಿದ್ದೀಯಲ್ಲ, ಅವೇ ಅವು ಅಂದೆ. ಅವತ್ತು ಮನೆಗೆ ಬಂದು ಒಲೆ ಹಚ್ಚುವಾಗಲೂ ಅದೇ ಖುಷಿ.

ಇನ್ನೊಂದು ಕಾರಣ ಇದೆ. ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಅಭ್ಯಾಸ, ಇದು ಹೊಸದು. ಸೋಗೆಯ ಚೂರನ್ನು ಅದೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಏನೋ ಕಾಣುತ್ತೆ. ಕೊಲೆಟೋಟ್ರೈಕಮ್ ಅನ್ನುವ ಬೂಷ್ಟು ಅಂತ ಪೇಪರಿನಲ್ಲಿ ಬರೆಯುತ್ತಾರಲ್ಲ, ಅದೇನಾ ಇದು ಅಂತ ಗುರುತಿಸುವಷ್ಟು ನಾನು ಓದಿಲ್ಲ. ಓದಬೇಕು.

ಈಗ ಕಷ್ಟದ ಕಡೆ. ಮಗಳು ಏಳರಲ್ಲಿದ್ದಾಳೆ, ಜೂನ್‌ಗೆ ಎಂಟು. ಅತ್ತೆಗೆ ಮಂಡಿನೋವು. ಅಡಿಕೆ ಎರಡೆಕರೆ, ಕೊಯ್ಲು ಶುರುವಾದರೆ ಸುಲಿಯೋದು, ಬೇಯಿಸೋದು, ಆಳುಗಳಿಗೆ ಕಾಫಿ ತಿಂಡಿ ಅಂತ ಮನೆಯಲ್ಲಿ ಒಬ್ಬರು ಇರಲೇಬೇಕು. ಶಿವಮೊಗ್ಗ ನಮಗೆ 60 ಕಿ.ಮೀ. ಮೇಲೆ. ಅಲ್ಲಿಂದ ಶಂಕರಘಟ್ಟ ಮತ್ತೆ 28. ಎಂ.ಎಸ್ಸಿ ಅಂದರೆ ಹಾಸ್ಟೆಲ್ಲೇ ಗತಿ. 21ರ ಹುಡುಗಿಯರ ಜೊತೆ ನಾನೊಬ್ಬಳು.

ಯಾವುದು ಮೊದಲು? ಬಿ.ಎಡ್ ದೂರಶಿಕ್ಷಣದಲ್ಲಿ ಆಗುತ್ತಾ? ಮಾಡಿದವರು ಇದ್ದರೆ ಹೇಳಿ.

ಗಾಂಧಿಬಜಾರ್ ಗಿರಾಕಿ:

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಾ ಮೇಡಂ. ಫೀಸ್ ಕಟ್ಟಿ ಹೆಸರು ಹಾಕಿಸಿದರೆ ಹಾಜರಿ ಅವರೇ ನೋಡಿಕೊಳ್ಳುವ ಕಾಲೇಜುಗಳಿವೆ. ಪರೀಕ್ಷೆಗೆ ಮಾತ್ರ ಹೋಗಿ ಬನ್ನಿ. ಕೆಲಸವೂ ಉಳೀತು, ಬಿ.ಎಡ್ಡೂ ಆಯ್ತು. ನಮ್ಮ ಕಡೆ ಸುಮಾರು ಜನ ಹೀಗೇ ಮಾಡಿದ್ದು.

ಸಾಗರದ ಅಕ್ಕ:

ಮೇಲಿನವರ ಸಲಹೆ ಕೇಳಲೇಬೇಡಿ ಟೀಚರ್. ನೀತಿ ಅನೀತಿಯ ಮಾತು ಆಮೇಲೆ, ಮೊದಲು ಸಿಕ್ಕಿಬೀಳುವ ಮಾತು. ನಿಮ್ಮ ಹೆಸರು ಯು-ಡೈಸ್‌ನಲ್ಲಿ ಪಾಠ ಮಾಡುವ ಶಿಕ್ಷಕಿ ಅಂತ ಇದೆ. ಸಂಬಳದ ರಿಜಿಸ್ಟರಿನಲ್ಲಿ ಸಹಿ ಇದೆ. ಅದೇ ವರ್ಷ, ಅದೇ ದಿನ, ಬೇರೆ ಊರಿನ ಕಾಲೇಜಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿನಿ ಅಂತಲೂ ಹಾಜರಿ ಇದ್ದರೆ? ನಾಳೆ ಯಾವುದಾದರೂ ನೇಮಕಾತಿಯಲ್ಲಿ ದಾಖಲೆ ಪರಿಶೀಲನೆ ಅಂತ ಕರೆದಾಗ ಎರಡೂ ಕಾಗದ ಒಂದೇ ಮೇಜಿನ ಮೇಲೆ ಬರುತ್ತವೆ. ಅಲ್ಲಿ ಉತ್ತರ ಕೊಡಬೇಕಾದವರು ನೀವು, ಕಾಲೇಜಿನವರಲ್ಲ.

ನಾನು ಎರಡೂ ಮಾಡಿದವಳು. ಎಂ.ಎಸ್ಸಿ ಡಿಗ್ರಿ ಮುಗಿದ ಕೂಡಲೇ ಆಯಿತು. ಬಿ.ಎಡ್ ಮಾಡಿದ್ದು 33ರಲ್ಲಿ, ಮಗ ಯುಕೆಜಿ ಇದ್ದಾಗ. ಈಗ ಪಿಯು ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಬರುತ್ತೇನೆ.

ದೂರಶಿಕ್ಷಣದ ಬಿ.ಎಡ್ ನಿಮಗೆ ಆಗುವುದಿಲ್ಲ. ಇಗ್ನೋ ಮುಕ್ತ ವಿವಿಯಲ್ಲಿ ಬಿ.ಎಡ್ ಇದೆ, ನಿಜ. ಆದರೆ ಅದು ಪ್ರಾಥಮಿಕ ಶಿಕ್ಷಕರ ತರಬೇತಿ ಆಗಿ ಕೆಲಸದಲ್ಲಿ ಇರುವವರಿಗೆ, ಇಲ್ಲವೇ ಎನ್‌ಸಿಟಿಇ (ಶಿಕ್ಷಕರ ತರಬೇತಿ ನೋಡಿಕೊಳ್ಳುವ ಕೇಂದ್ರದ ಮಂಡಳಿ) ಒಪ್ಪಿದ ಶಿಕ್ಷಕ ಕೋರ್ಸೊಂದನ್ನು ರೆಗ್ಯುಲರ್ ಆಗಿ ಮುಗಿಸಿದವರಿಗೆ. ನೀವು ಡಿ.ಎಡ್ ಥರದ ಅಂಥ ತರಬೇತಿ ಯಾವುದೂ ಮಾಡಿಲ್ಲ. ಹಾಗಾಗಿ ರೆಗ್ಯುಲರ್ ಒಂದೇ ದಾರಿ. ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಅದು ಎರಡು ವರ್ಷ. ಕ್ಲಾಸಿಗೆ ಶೇ 80 ಹಾಜರಿ, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ 90. ಡಿಗ್ರಿಯಲ್ಲಿ ಶೇ 50 ಸಾಕು, ನಿಮ್ಮ 64ಕ್ಕೆ ತೊಂದರೆ ಇಲ್ಲ. ವಯಸ್ಸಿನ ಭಯವೂ ಬೇಡ, ಕೋರ್ಸಿಗೆ ಸೇರಲು ಮೇಲಿನ ಮಿತಿ ಇಲ್ಲ.

ಇಂಟರ್ನ್‌ಶಿಪ್ ಒಟ್ಟು 20 ವಾರ, ಅದರಲ್ಲಿ ಹೆಚ್ಚಿನದು ಎರಡನೇ ವರ್ಷ. ನಮ್ಮ ಕಾಲೇಜಿನಲ್ಲಿ ಊರಿನ ಹತ್ತಿರದ ಶಾಲೆ ಬೇಕು ಅಂತ ಮೊದಲೇ ಕೇಳಿಕೊಂಡವರಿಗೆ ಕೊಟ್ಟಿದ್ದರು. ಸೇರುವಾಗಲೇ ಈ ವಿಷಯ ಮಾತಾಡಿಕೊಳ್ಳಿ. ಅಷ್ಟು ವಾರ ಶಿವಮೊಗ್ಗದ ಓಡಾಟ ತಪ್ಪಿದರೆ ಸಣ್ಣ ಲಾಭ ಅಲ್ಲ.

ಎಂ.ಎಸ್ಸಿ ಮಾತ್ರ ಮಾಡಿದರೆ ಏನಾಗುತ್ತೆ? ಸರ್ಕಾರಿ ಪಿಯು ಉಪನ್ಯಾಸಕರ ಹುದ್ದೆಗೆ ಸ್ನಾತಕೋತ್ತರದಲ್ಲಿ ಶೇ 55 ಬೇಕು, ಜೊತೆಗೆ ಬಿ.ಎಡ್ಡೂ ಬೇಕು. ಹೈಸ್ಕೂಲಿಗೂ ಬಿ.ಎಡ್. 6ರಿಂದ 8ಕ್ಕೆ ಬಿ.ಎಡ್ ಜೊತೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ. ಅಂದರೆ ಶಾಲೆ, ಪಿಯು ಯಾವ ಬಾಗಿಲು ತಟ್ಟಿದರೂ ಬಿ.ಎಡ್ ಕೇಳಿಯೇ ಕೇಳುತ್ತಾರೆ. ಟಿಇಟಿ ಒಂದು ಸಲ ಪಾಸಾದರೆ ಈಗ ಜೀವನಪೂರ್ತಿ ನಡೆಯುತ್ತೆ, ಅದೊಂದು ನೆಮ್ಮದಿ.

ಎಂ.ಎಸ್ಸಿ ಆದವರಿಗೆ ಒಂದೇ ವರ್ಷದ ಬಿ.ಎಡ್ ಬರುತ್ತಂತೆ ಅಂತ ಯಾರಾದರೂ ಹೇಳಬಹುದು. 2020ರ ಶಿಕ್ಷಣ ನೀತಿಯಲ್ಲಿ ಆ ಮಾತು ಇದೆ, 2025ರಲ್ಲಿ ಎನ್‌ಸಿಟಿಇ ಕರಡೂ ಹೊರಡಿಸಿತು. ಕರಡು ನಂಬಿಕೊಂಡು ಮನೆ ಬಿಡಬೇಡಿ.

ಈಗ ಮುಖ್ಯ ವಿಷಯ, ನಿಮ್ಮ ಮಗಳು. ಈ ಜೂನ್‌ಗೆ ನೀವು ಸೇರಿದರೆ ಅವಳ ಎಂಟು, ಒಂಬತ್ತು ಮುಗಿಯುವಾಗ ನಿಮ್ಮ ಬಿ.ಎಡ್ ಮುಗಿದಿರುತ್ತೆ. ಎಸ್ಸೆಸ್ಸೆಲ್ಸಿ ವರ್ಷ ನೀವು ಮನೆಯಲ್ಲಿ. ಒಂದು ವರ್ಷ ತಡ ಮಾಡಿದರೆ ನಿಮ್ಮ ಇಂಟರ್ನ್‌ಶಿಪ್ಪೂ ಅವಳ ಹತ್ತನೇ ಕ್ಲಾಸೂ ಒಟ್ಟಿಗೆ ಬರುತ್ತವೆ.

21ರ ಹುಡುಗಿಯರ ಬಗ್ಗೆ: ಮೊದಲ ವಾರ ಮುಜುಗರ, ಆಮೇಲೆ ಏನಿಲ್ಲ. ಬಿ.ಎಡ್‌ನಲ್ಲಿ ಮೈಕ್ರೋ ಟೀಚಿಂಗ್ ಅಂತ ಇದೆ. ಐದಾರು ನಿಮಿಷದ ಪಾಠ, ಎದುರಿಗೆ ಕೂತ ಸಹಪಾಠಿಗಳೇ ಎಂಟನೇ ಕ್ಲಾಸಿನ ಮಕ್ಕಳು. ನನ್ನ ಸರದಿ ಬಂದಾಗ ಹಿಂದೆ ಕೂತ ಹುಡುಗಿ ಕೈ ಎತ್ತಿ “ಮಿಸ್, ಇವನು ನನ್ನ ಪೆನ್ಸಿಲ್ ಕದ್ದ” ಅಂದಳು. ನಾನು ಮನೆಯಲ್ಲಿ ಮಗನಿಗೆ ಹೇಳುವ ಹಾಗೇ ಗದರಿಬಿಟ್ಟೆ. ಇಡೀ ಕ್ಲಾಸು ನಕ್ಕಿತು, ಅವತ್ತಿನಿಂದ ಎಲ್ಲರಿಗೂ ನಾನು ಅಕ್ಕ.

ಅತಿಥಿ ಅಂದ್ರೆ ಅತಿಥಿ:

ನಾನು ಎಂ.ಎ, ಕೆ-ಸೆಟ್ (ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಲು ರಾಜ್ಯದ ಅರ್ಹತಾ ಪರೀಕ್ಷೆ) ಎರಡೂ ಆಗಿರುವ ಅತಿಥಿ ಉಪನ್ಯಾಸಕ. ಸಾಗರದ ಅಕ್ಕ ಹೇಳಿದ್ದರಲ್ಲಿ ನಿಯಮ ಎಲ್ಲ ಸರಿ. ಲೆಕ್ಕ ಯಾರೂ ಹಾಕಿಲ್ಲ, ನಾನು ಹಾಕುತ್ತೇನೆ.

ತಿಂಗಳಿಗೆ 14 ಸಾವಿರ ಬಿಟ್ಟು ಎರಡು ವರ್ಷ ಓದಲು ಕೂತರೆ ಹೋಗುವುದು 3 ಲಕ್ಷದ 36 ಸಾವಿರ. ಫೀಸು, ಬಸ್ಸು ಬೇರೆ. ಬಿ.ಎಡ್ ಆಗಿ ಅದೇ ಶಾಲೆಗೆ ವಾಪಸ್ ಬಂದರೆ ಸಿಗುವುದು 4 ಸಾವಿರ ಜಾಸ್ತಿ. ಬಿಟ್ಟ ಸಂಬಳ ಒಂದೇ ವಾಪಸ್ ಬರಲು ಏಳು ವರ್ಷ ಬೇಕು. ಅಷ್ಟೊತ್ತಿಗೆ ನಿಮಗೆ 46. ಇದಕ್ಕೆ ಬಿ.ಎಡ್ ಬೇಕಾ?

ಸರ್ಕಾರಿ ನೇಮಕಾತಿ ಬರೆಯುವುದಾದರೆ ಬೇರೆ ಮಾತು. ಆದರೆ ಕೋರ್ಸಿಗೆ ವಯಸ್ಸಿನ ಮಿತಿ ಇಲ್ಲ ಅಂದ ಮಾತ್ರಕ್ಕೆ ಹುದ್ದೆಗೂ ಇಲ್ಲ ಅಂತ ಅಲ್ಲ. ಹಿಂದಿನ ನೋಟಿಫಿಕೇಶನ್ ತೆಗೆದು ನಿಮ್ಮ ವರ್ಗಕ್ಕೆ ಎಷ್ಟು ಅಂತ ನೋಡಿ. ನೀವು ಮುಗಿಸುವಾಗ 39 ಆಗಿರುತ್ತೆ. ನೋಟಿಫಿಕೇಶನ್ ನಮಗೋಸ್ಕರ ಕಾದು ಕೂತಿರಲ್ಲ.

ಎಂ.ಎಸ್ಸಿ ಮಾಡಿ ಡಿಗ್ರಿ ಕಾಲೇಜಿಗೆ ಹೋಗುತ್ತೇನೆ ಅನ್ನುವುದಾದರೆ ಅದೂ ಕೇಳಿ. ಶೇ 55 ಜೊತೆಗೆ ನೆಟ್ (ಅದೇ ಥರದ ರಾಷ್ಟ್ರಮಟ್ಟದ ಪರೀಕ್ಷೆ), ಕೆ-ಸೆಟ್ ಅಥವಾ ಪಿಎಚ್‌.ಡಿ ಬೇಕು. ನೆಟ್ ಬರೆಯಲು ವಯಸ್ಸಿಲ್ಲ, ಆದರೆ ಅದರ ಮೂಲಕ ಸಿಗುವ ಜೆಆರ್‌ಎಫ್ ಸಂಶೋಧನಾ ಫೆಲೋಶಿಪ್‌ಗೆ 30. ಹೆಂಗಸರಿಗೆ ಐದು ವರ್ಷ ರಿಯಾಯಿತಿ ಕೊಟ್ಟರೂ 35. ಫೆಲೋಶಿಪ್ ದುಡ್ಡಿನಲ್ಲಿ ಸಂಶೋಧನೆ ಅನ್ನುವ ದಾರಿ ನಿಮಗೆ ಈಗಾಗಲೇ ಮುಚ್ಚಿದೆ. ಎಲ್ಲ ಮುಗಿಸಿ ಬಂದರೆ ನನ್ನ ಹಾಗೆ ವರ್ಷವರ್ಷ ಹೊಸ ಪಟ್ಟಿಯಲ್ಲಿ ಹೆಸರು ಹುಡುಕಬೇಕು. ರಜೆಯಲ್ಲಿ ಸಂಬಳ ಇಲ್ಲ. ಏಪ್ರಿಲ್ ತಿಂಗಳಲ್ಲಿ ನಾನು ತಮ್ಮನ ಅಂಗಡಿಯಲ್ಲಿ ಕೂರುತ್ತೇನೆ.

ಇಷ್ಟು ಹೇಳಿ ನನ್ನ ಸಲಹೆ ಏನು ಅಂದರೆ, ಎಂ.ಎಸ್ಸಿನೇ ಮಾಡಿ. ತಮಾಷೆ ಅಲ್ಲ. ಎರಡರಲ್ಲೂ ದುಡ್ಡು ವಾಪಸ್ ಬರುವುದು ಅನುಮಾನ. ಹಾಗಿದ್ದ ಮೇಲೆ ಇಷ್ಟ ಇಲ್ಲದ್ದನ್ನು ಯಾಕೆ ಓದಬೇಕು? ಬಿ.ಎಡ್ ಬಗ್ಗೆ ಬರೆಯುವಾಗ ನಿಮಗೆ ನಾಲ್ಕು ಸಾಲು ಸಾಕಾಯಿತು, ಕುಂಬಳದ ದಂಟಿಗೆ ಅರ್ಧ ಪುಟ ಬೇಕಾಯಿತು.

ಸಾಗರದ ಅಕ್ಕ:

ಅತಿಥಿಯವರೇ, ನಿಮ್ಮ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಟೀಚರ್ ಕೆಲಸ ಹಾಗೇ ಇರುತ್ತೆ ಅಂದುಕೊಂಡು 4 ಸಾವಿರದ ಲೆಕ್ಕ ಹಾಕಿದ್ದೀರಿ. ಹತ್ತನೇ ಕ್ಲಾಸಿನಿಂದ ಎಂಟಕ್ಕೆ ಇಳಿಸಿದವರು ಮುಂದಿನ ವರ್ಷ ಏನು ಮಾಡುತ್ತಾರೆ ಅಂತ ನಮಗೆ ಗೊತ್ತಿಲ್ವಾ? ಆಗ ಹೋಗುವುದು 4 ಸಾವಿರ ಅಲ್ಲ, 14 ಪೂರ್ತಿ.

ವಯಸ್ಸಿನ ಮಿತಿಯ ಮಾತು ಮಾತ್ರ ನೂರಕ್ಕೆ ನೂರು ಸರಿ. ಟೀಚರ್, ಅರ್ಜಿ ಹಾಕುವ ಮುಂಚೆ ಅದನ್ನು ನೋಡಲೇಬೇಕು.

ಗೊಬ್ಬರದಂಗಡಿ, ಕೋಣಂದೂರು ರಸ್ತೆ:

ನಮಸ್ಕಾರ ಅಕ್ಕೋರೆ. ನಂದು ಗೊಬ್ಬರ, ಔಷಧಿ ಅಂಗಡಿ. ಓದಿದ್ದು ಪಿಯುಸಿ. 2017ರಲ್ಲಿ ಕೀಟನಾಶಕ ನಿಯಮ ಬದಲಾಗಿ, ಲೈಸೆನ್ಸಿಗೆ ವಿದ್ಯಾರ್ಹತೆ ಬೇಕೇ ಬೇಕು ಅಂದರು. ಅದಕ್ಕೆ ನಾನು ‘ದೇಸಿ’ ಡಿಪ್ಲೊಮಾ ಮಾಡಿದೆ. ನಮ್ಮಂಥ ಅಂಗಡಿಯವರಿಗೇ ಅಂತ ಇರುವ ಕೋರ್ಸು, 48 ವಾರ, ವಾರಕ್ಕೆ ಒಂದು ದಿನ. ಕೊನೆ ಬೆಂಚಿನಲ್ಲಿ ಕೂತು ಮುಗಿಸಿದೆ ಮಾರಾಯ್ರೆ.

ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಆ ನಿಯಮದಲ್ಲಿ ಕೃಷಿ ಪದವಿ ಒಂದೇ ಅಂತ ಇಲ್ಲ. ಕೆಮಿಸ್ಟ್ರಿ, ಬಾಟನಿ ಅಥವಾ ಜುವಾಲಜಿ ಇರುವ ಬಿ.ಎಸ್ಸಿಯೂ ನಡೆಯುತ್ತೆ. ನಿಮ್ಮದರಲ್ಲಿ ಮೂರೂ ಇದೆ. ಅಂದರೆ ನನಗೆ 48 ವಾರ ಹಿಡಿದಿದ್ದು ನಿಮ್ಮ ಕೈಯಲ್ಲಿ 2009ರಿಂದಲೇ ಇದೆ. ಎಲೆಚುಕ್ಕಿಗೆ ಏನು ಹೊಡೆಯಬೇಕು ಅಂತ ದಿನಾ ಜನ ಬರುತ್ತಾರೆ, ಸೋಗೆ ನೋಡಿ ಇದು ಚುಕ್ಕಿನೋ ಬೇರೆ ಏನೋ ಅಂತ ಹೇಳುವವರು ಕಮ್ಮಿ. ನಿಮ್ಮನೆಯವರ ಹೆಸರಿನಲ್ಲಿ ಜಾಗ ಇದ್ದರೆ ಯೋಚನೆ ಮಾಡಿ. ಬಂಡವಾಳ ಬೇಕು, ಸಾಲ ಕೊಟ್ಟರೆ ಅಡಿಕೆ ಮಾರುವವರೆಗೆ ವಸೂಲಿ ಇಲ್ಲ, ಅದು ಗೊತ್ತಿರಲಿ.

ಆ ಬೂಷ್ಟು ಯಾವುದು ಅಂತ ತಿಳಿಯಲು ಶಂಕರಘಟ್ಟದವರೆಗೆ ಯಾಕೆ ಹೋಗಬೇಕು? ಸೀಬಿನಕೆರೆಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಇದೆಯಲ್ಲ. ಸೋಗೆ ತಗೊಂಡು ಹೋಗಿ, ನಿಮ್ಮ ಮೈಕ್ರೋಸ್ಕೋಪಿನ ಕಥೆ ಹೇಳಿ.

ಕೊಯ್ಲಿನ ಚಿಂತೆಗೆ ಒಂದು ಮಾತು. ಎರಡು ವರ್ಷ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡಿ. ಸುಲಿಯೋದು, ಬೇಯಿಸೋದು, ಆಳಿನ ಕಾಫಿ ಎಲ್ಲ ಅವರ ತಲೆನೋವು. ನಾಲ್ಕು ಕಾಸು ಕಮ್ಮಿ ಸಿಗುತ್ತೆ. ಔಷಧಿ ಹೊಡೆಸುವುದು ಯಾರು ಅಂತ ಮೊದಲೇ ಮಾತಾಡಿ. ಅಲ್ಲೇ ಜಗಳ ಬರೋದು.

ತುಂಗೆದಡದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮನೆಯವರಿಗೂ ಓದಿ ಹೇಳಿದೆ. ಚೇಣಿ ಮಾತಿಗೆ ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ, ಅವರಿಗೂ ಸಾಕಾಗಿತ್ತು ಅಂತ ಕಾಣುತ್ತೆ.

ಅತಿಥಿಯವರೇ, ಕುಂಬಳದ ದಂಟಿಗೆ ಅರ್ಧ ಪುಟ ಬರೆದೆ, ನಿಜ. ಆದರೆ ಆ ದಂಟನ್ನು ತೋರಿಸಲು ನನಗೆ ಕ್ಲಾಸು ಬೇಕು. ಕ್ಲಾಸು ಉಳಿಯಬೇಕಾದರೆ ಬಿ.ಎಡ್ ಬೇಕು. ಎಂ.ಎಸ್ಸಿ ಮಾಡಿಕೊಂಡು ಬಂದು ತರಗತಿಯೇ ಇಲ್ಲದಿದ್ದರೆ ನಾನು ಯಾರಿಗೆ ತೋರಿಸಲಿ? ನಿಮ್ಮ ಏಳು ವರ್ಷದ ಲೆಕ್ಕ ನೋಡಿ ರಾತ್ರಿ ನಿದ್ದೆ ಬರಲಿಲ್ಲ, ಅದೂ ನಿಜ. ವಯಸ್ಸಿನ ಮಿತಿ ನೋಡಿದೆ. ನನ್ನ ವರ್ಗಕ್ಕೆ ಸ್ವಲ್ಪ ಸಮಯ ಇದೆ, ಜಾಸ್ತಿ ಇಲ್ಲ. ಒಂದು ನೇಮಕಾತಿ ಸಿಗಬಹುದು, ಸಿಗದೇ ಇರಬಹುದು. ಸಿಗದಿದ್ದರೆ ಖಾಸಗಿ ಶಾಲೆಯೇ ಗತಿ, ಅದಕ್ಕೆ ತಯಾರಾಗಿದ್ದೇನೆ.

ಗೊಬ್ಬರದಂಗಡಿಯವರೇ, ನನ್ನ ಬಿ.ಎಸ್ಸಿಗೆ ಇಂಥದ್ದೊಂದು ಬೆಲೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಂಗಡಿ ನನ್ನಿಂದ ಆಗದು, ಸಾಲ ವಸೂಲಿ ಮಾಡುವ ಬಾಯಿ ನನಗಿಲ್ಲ. ಸೀಬಿನಕೆರೆಗೆ ಮಾತ್ರ ಹೋಗುತ್ತೇನೆ, ಶಾಲೆಯ ನಾಲ್ಕು ಹುಡುಗರನ್ನೂ ಕರೆದುಕೊಂಡು.

ಹಾಗಾಗಿ ಈ ಜೂನ್‌ಗೆ ಬಿ.ಎಡ್. ಶಂಕರಘಟ್ಟವನ್ನು ಬಿಟ್ಟಿಲ್ಲ. ಮಗಳು ಪಿಯುಗೆ ಶಿವಮೊಗ್ಗಕ್ಕೆ ಹೋಗುವ ಕಾಲಕ್ಕೆ ನೋಡೋಣ. ಅತ್ತೆ ಕೇಳಿಸಿಕೊಂಡು “ಆಗ ನಿಂಗೆ ನಲವತ್ತು ದಾಟಿರುತ್ತೆ” ಅಂದರು. ಓದದೇ ಇದ್ದರೂ ದಾಟುತ್ತೆ ಅಂದೆ. ನಕ್ಕರು, ಪುಣ್ಯ.

ಬಸ್ಸಿನದ್ದೊಂದು ಕೇಳಬೇಕಿತ್ತು. ದಿನಾ ಶಿವಮೊಗ್ಗಕ್ಕೆ ಓಡಾಡಲು ಶಕ್ತಿ ಯೋಜನೆ ಇದೆಯಲ್ಲ ಅಂತ ಎಲ್ಲರೂ ಅನ್ನುತ್ತಾರೆ. ನಮ್ಮ ಕಡೆ ಬೆಳಗ್ಗೆ ಸಿಗುವುದು ಪ್ರೈವೇಟ್ ಬಸ್ಸೇ ಜಾಸ್ತಿ. ಯಾರಾದರೂ ಹೇಗೆ ಮಾಡಿದ್ದೀರಿ?

ಇನ್ನೊಂದು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಶಿಯಲ್ ಇದೆ, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ. ತೊಂದರೆ ಆಗುತ್ತಾ?

ಸಾಗರದ ಅಕ್ಕ:

ಪ್ರೈವೇಟ್ ಬಸ್ಸಿಗೆ ‘ಶಕ್ತಿ’ ಇಲ್ಲ, ದುಡ್ಡು ಕೊಡಲೇಬೇಕು. ಹೋಗುವಾಗ ಪ್ರೈವೇಟ್, ಬರುವಾಗ ಸರ್ಕಾರಿ ಬಸ್ಸು ಕಾದು ಹತ್ತಿದರೆ ಅರ್ಧ ಖರ್ಚು ಉಳಿಯುತ್ತೆ. ಮಳೆಗಾಲದಲ್ಲಿ ಮಂಡಗದ್ದೆ ಹತ್ತಿರ ಮರ ಬಿದ್ದರೆ ಎರಡೂ ನಿಲ್ಲುತ್ತವೆ, ಆವತ್ತಿನ ಹಾಜರಿ ಹೋಯಿತು ಅಂತಲೇ ತಿಳಿದುಕೊಳ್ಳಿ. ಅದಕ್ಕೇ ಬೇಸಿಗೆಯಲ್ಲಿ ಸುಮ್ನೆ ರಜೆ ಹಾಕಬೇಡಿ. ಆಷಾಢದ ಒಂದೆರಡು ವಾರ ಶಿವಮೊಗ್ಗದಲ್ಲಿ ನೆಂಟರ ಮನೆ ಇದ್ದರೆ ಈಗಲೇ ಹೇಳಿಟ್ಟಿರಿ.

ಹೆಸರಿನ ವಿಷಯ ಅರ್ಜಿ ಕರೆಯುವ ಮುಂಚೆಯೇ ಮುಗಿಸಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಎಲ್ಲ ಕಡೆ ಹಾಗೇ ಇರಲಿ, ಆಧಾರ್‌ನಲ್ಲೂ ಅದೇ ಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಬಿಡುತ್ತಾರೆ. ಮದುವೆ ಆದಾಗ ಒಂದು ಸಲ ಬದಲಿಸಿದ್ದರೆ ನಿಮಗೆ ಉಳಿದಿರುವುದು ಒಂದೇ. ಸೆಂಟರಿನಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲೇ ಅಕ್ಷರ ಅಕ್ಷರ ಓದಿ, ಇನಿಶಿಯಲ್ ಮುಂದೆ ಇದೆಯಾ ಹಿಂದೆ ಇದೆಯಾ ನೋಡಿ, ಆಮೇಲೆ ಸರಿ ಅನ್ನಿ.